ಎರಡು ರಾತ್ರಿ, ಮೂರು ಹಗಲು, ನಾಲ್ಕು ದಿಕ್ಕು

ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ನೀರಿನ ಮೇಲೆ ವಿಹಾರ ಹೋಗುವ ಯೋಗ ಇಲ್ಲಿಯವರೆಗೆ ದೇವರಿಗೆ ಮಾತ್ರ ಇತ್ತು. ಕೆರೆ ತುಂಬಿದ ವರ್ಷ ತೆಪ್ಪ ಕಟ್ಟಿ, ಹೂವು ಸುತ್ತಿ, ವಾಲಗದವರನ್ನು ಒಂದು ಮೂಲೆಯಲ್ಲಿ ಕೂರಿಸಿ, ಉತ್ಸವಮೂರ್ತಿಯನ್ನು ಒಂದು ಸುತ್ತು ತಿರುಗಿಸಿಕೊಂಡು ಬಂದರೆ ಆಯಿತು. ನೈವೇದ್ಯ, ಸಂಗೀತ, ದೀಪಾಲಂಕಾರ ಎಲ್ಲ ಸೇರಿದ ಪ್ಯಾಕೇಜು. ಕೆರೆ ತುಂಬದ ವರ್ಷ ದೇವರಿಗೂ ವಿಹಾರವಿಲ್ಲ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಊರುಗಳಲ್ಲಿ ದೇವರು ಬಹಳ ವರ್ಷ ಗುಡಿಯಲ್ಲೇ ಕಳೆದಿದ್ದಾನೆ.

ಮನುಷ್ಯರ ಪಾಲಿಗೆ ನೀರು ನೋಡುವುದೇ ಒಂದು ಪ್ರವಾಸ. ಹಿರಿಯೂರಿನ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಒಂದಿಡೀ ತಲೆಮಾರು ಕೋಡಿಯ ಸುದ್ದಿ ಕೇಳುತ್ತಲೇ ಹುಟ್ಟಿ, ಕೇಳುತ್ತಲೇ ಹೋಯಿತು. 2022ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಮಾರಿಕಣಿವೆಗೆ ಹೋಗಿ, ಹರಿಯುವ ನೀರಿಗೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆದುಕೊಂಡು ಬಂತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಹೋದವರ ಮುಖದಲ್ಲಿ ಆಗಲೇ ಒಂದು ಬೇಸರವಿತ್ತು. ಎರಡು ಸಲ ನೋಡಿಬಿಟ್ಟರೆ ನೀರು ಕೂಡ ಹಳತಾಗುತ್ತದೆ. ಈಗ ಏನಿದ್ದರೂ ಸಮುದ್ರವೇ ಬೇಕು. ಅದೂ ದಡದಲ್ಲಿ ನಿಂತು ನೋಡುವ ಹಳೇ ಪದ್ಧತಿಯಲ್ಲ. ಹನ್ನೊಂದು ಅಂತಸ್ತಿನ ಹಡಗಿನಲ್ಲಿ ಕೂತು, ಎಸಿ ಹಾಕಿಸಿಕೊಂಡು.

ಚಳ್ಳಕೆರೆಯ ಒಬ್ಬ ಶೇಂಗಾ ಮಂಡಿ ಯಜಮಾನರು ಈ ವಿಷಯದಲ್ಲಿ ನನ್ನ ಸಲಹೆ ಕೇಳಿದರು. ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು. ಸಮುದ್ರಕ್ಕೂ ನನಗೂ ಇರುವ ಸಂಬಂಧ ಗೋಕರ್ಣದಲ್ಲಿ ಕಾಲು ತೊಳೆದಷ್ಟು. ಆದರೂ ನಮ್ಮ ಕಡೆ ಯಾವ ವಿಷಯಕ್ಕಾದರೂ ಮೇಷ್ಟ್ರನ್ನು ಕೇಳುವ ರೂಢಿ ಇನ್ನೂ ಹೋಗಿಲ್ಲ. ಕೇಳಿದ್ದನ್ನು ಮಾಡುವ ರೂಢಿ ಮಾತ್ರ ಹೋಗಿದೆ.

ಯಜಮಾನರ ಮನೆಯಲ್ಲಿ ಇಬ್ಬರು ಮಕ್ಕಳು. ಮಗಳು ದ್ವಿತೀಯ ಪಿಯುಸಿ, ಮಗ ಒಂಬತ್ತನೇ ಕ್ಲಾಸು. ಇಬ್ಬರೂ ಮನೆಯಲ್ಲೇ ಇರುತ್ತಾರೆ, ಕೈಗೆ ಸಿಗುವುದಿಲ್ಲ. ಕರೆದರೆ "ಹ್ಞೂಂ" ಎಂಬ ಧ್ವನಿ ಬಾಗಿಲ ಹಿಂದಿನಿಂದ ಬರುತ್ತದೆ. ಊಟಕ್ಕೆ ಕೂತರೆ ಎಡಗೈಯಲ್ಲಿ ಫೋನು.

"ಮೇಷ್ಟ್ರೇ, ಊಟಿಗೆ ಕರ್ಕೊಂಡು ಹೋದ್ವಿ, ರೂಮು ಬಿಟ್ಟು ಬರ್ಲಿಲ್ಲ. ತಿರುಪತಿಗೆ ಕರ್ಕೊಂಡು ಹೋದ್ವಿ, ಕ್ಯೂನಲ್ಲೂ ಕಿವಿಗೆ ಅದೇನೋ ಸಿಗಿಸ್ಕಂಡಿದ್ವು. ಹಡಗಾದ್ರೆ ಎಲ್ಲಿಗೆ ಓಡಿ ಹೋಗ್ತವೆ ಹೇಳಿ? ಸುತ್ತ ನೀರೇ ಐತಲ್ಲ!"

ನಾನು ಈವರೆಗೆ ನೋಡಿದ ಹಡಗಿನ ಜಾಹೀರಾತುಗಳಲ್ಲೆಲ್ಲ ಅಪ್ಪ, ಅಮ್ಮ, ಹದಿಹರೆಯದ ಇಬ್ಬರು ಮಕ್ಕಳು ಒಂದೇ ಕಂಬಿ ಹಿಡಿದು ಒಂದೇ ದಿಕ್ಕಿಗೆ ನಗುತ್ತಿರುತ್ತಾರೆ. ಅದರ ನಿಜವಾದ ಅರ್ಥವನ್ನು ಇಷ್ಟು ಚೊಕ್ಕವಾಗಿ ಹೇಳಿದವರು ನಮ್ಮ ಯಜಮಾನರೊಬ್ಬರೇ. ಅವರಿಗೆ ಬೇಕಿರುವುದು ಸಮುದ್ರವಲ್ಲ, ಕಾಂಪೌಂಡು.

ಮಕ್ಕಳನ್ನು ಮಾತು ಕೇಳಿಸುವ ಸಮಸ್ಯೆಗೆ ಅಖಿಲ ಭಾರತ ಮಟ್ಟದ ಪರಿಹಾರ ಹುಡುಕಿದ ಮೊದಲ ದೊರೆಯ ಆದೇಶ ನಮ್ಮ ತಾಲ್ಲೂಕಿನಲ್ಲೇ ಇದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಊರವರು ಅಕ್ಷರಗುಂಡು ಎಂದು ಕರೆಯುತ್ತಿದ್ದ ಬಂಡೆಯನ್ನು 1892ರಲ್ಲಿ ಬಿ.ಎಲ್. ರೈಸ್ ಓದಿಸಿದಾಗ ಅದು ಅಶೋಕನ ಶಾಸನ ಎಂದು ಗೊತ್ತಾಯಿತು. ಪಕ್ಕದ ಸಿದ್ದಾಪುರದಲ್ಲಿ ಇನ್ನೊಂದು, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಮತ್ತೊಂದು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನ (ರಾಜಕುಮಾರನ) ಮೂಲಕ ಇಲ್ಲಿನ ಇಸಿಲದ ಮಹಾಮಾತ್ರರಿಗೆ (ಅಧಿಕಾರಿಗಳಿಗೆ) ಬಂದ ಸರ್ಕಾರಿ ಸುತ್ತೋಲೆ ಅದು. ಮೊದಲು ಕ್ಷೇಮ ಸಮಾಚಾರ, ಆಮೇಲೆ ವಿಷಯ: ತಂದೆತಾಯಿಗೆ ವಿಧೇಯರಾಗಿರಿ, ಜೀವಿಗಳಲ್ಲಿ ದಯೆ ಇರಲಿ, ನಿಜ ಹೇಳಿ, ಶಿಷ್ಯ ಗುರುವನ್ನು ಗೌರವಿಸಲಿ. ಇದು ಪುರಾತನ ರೀತಿ ಎಂದೂ ಕೊನೆಗೆ ಸೇರಿಸಿದ್ದಾನೆ. ಅಂದರೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎಂಬ ಮಾತು ಹಳತಾಗಿತ್ತು.

ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಇದನ್ನು ವಿವರಿಸುವಾಗ ಅವರು ಪಕ್ಕದ ಬಂಡೆ ಹತ್ತುತ್ತಿದ್ದರು. ಮೂರು ಕಡೆ ಕೊರೆಸಿದರೂ ಪ್ರಯೋಜನವಾಗಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆ ಶಾಸನದಲ್ಲಿ ಒಂದು ಅಂಕಿ ಬರುತ್ತದೆ: 256. ಅದೇನು ಲೆಕ್ಕ ಎಂದು ವಿದ್ವಾಂಸರು ಬಹಳ ಜಗಳವಾಡಿದ್ದಾರೆ. ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳ ಸಂಖ್ಯೆ ಅದು ಎಂದು ಹಲವರು ಹೇಳುತ್ತಾರೆ. ಅದು ನಿಜವಾದರೆ, 256 ರಾತ್ರಿ ಮನೆಯಿಂದ ಹೊರಗಿದ್ದ ಅಪ್ಪ ಊರ ಮಕ್ಕಳಿಗೆಲ್ಲ "ತಂದೆತಾಯಿ ಮಾತು ಕೇಳಿ" ಎಂದು ಬರೆಸಿ ಕಳಿಸಿದಂತಾಯಿತು. ಇದೇ ದೊರೆ ತನ್ನ ಎಂಟನೆಯ ಬಂಡೆ ಶಾಸನದಲ್ಲಿ, ಹಿಂದಿನ ಅರಸರು ಬೇಟೆ, ಮೋಜು ಎಂದು ವಿಹಾರಯಾತ್ರೆ ಹೋಗುತ್ತಿದ್ದರು, ನಾನು ಅದನ್ನು ಬಿಟ್ಟು ಧರ್ಮಯಾತ್ರೆ ಹಿಡಿದೆ ಎಂದಿದ್ದಾನೆ. ಎಂಟನೆಯ ಶಾಸನ ನಮ್ಮ ಬ್ರಹ್ಮಗಿರಿಯಲ್ಲಿಲ್ಲ.

ಬ್ರಹ್ಮಗಿರಿಯ ಶಾಸನವನ್ನು ಬರೆದವನ ಹೆಸರು ಚಪಡ. ಇಡೀ ಆದೇಶವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಯಾರೂ ಓದಲಾರದ ಊರಿನಲ್ಲಿ ತನಗೆ ಇನ್ನೊಂದು ಲಿಪಿಯೂ ಬರುತ್ತದೆ ಎಂದು ತೋರಿಸಿಕೊಂಡ ಗಿರಾಕಿ. ಯಜಮಾನರ ಮಗ ಇದನ್ನು ಕೇಳಿ ಮೊದಲ ಬಾರಿ ಫೋನಿನಿಂದ ತಲೆಯೆತ್ತಿ, "ವಾಟರ್‌ಮಾರ್ಕ್ ಹಾಕವ್ನೆ ಸಾರ್" ಅಂದ. ಇತಿಹಾಸವನ್ನು ಹೀಗೆ ಒಂದೇ ಏಟಿಗೆ ಗ್ರಹಿಸಿದ ವಿದ್ಯಾರ್ಥಿ ನನಗೆ ಸೇವೆಯಲ್ಲಿದ್ದಾಗ ಸಿಗಲಿಲ್ಲ.

ಇರಲಿ, ಹಡಗಿಗೆ ಬರೋಣ.

ಬೆಂಗಳೂರಿನ ಏಜೆಂಟ್ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಮಂಡಿಗೇ ಬಂದ. ಶೇಂಗಾ ಚೀಲಗಳ ನಡುವೆ ಕೂತು ಒಂದೊಂದೇ ಚಿತ್ರ ತೋರಿಸಿದ. ಈಜುಕೊಳ, ಜಾರುಬಂಡೆ, ಹತ್ತುವ ಗೋಡೆ, ನಾಟಕಶಾಲೆ, ಜಿಮ್ಮು, ಸ್ಪಾ, ಅಂಗಡಿಬೀದಿ, ಬಾರು, ಕ್ಯಾಸಿನೊ, ಊಟದ ಸಾಲು. ಚಿತ್ರಗಳ ಅಂಚಿನಲ್ಲಿ ನೀಲಿ ಬಣ್ಣ ಬಳಿದಿತ್ತು. ಅದೇ ಸಮುದ್ರ ಇರಬೇಕು. ನಮ್ಮ ಸೀಮೆಯವರು 200 ಕಿಲೋಮೀಟರ್ ಮೀರಿ ಹೋಗಿ ನೋಡಬೇಕಾದ ಆ ನೀರಿನ ಬಗ್ಗೆ ಹುಡುಗ ಒಂದು ಮಾತೂ ಆಡಲಿಲ್ಲ. ನೀರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬೆಂಗಳೂರಿನ ಮಾಲಿನಲ್ಲಿದೆ. "ಹಂಗಾದ್ರೆ ಮಾಲಿಗೇ ಹೋಗಬಹುದಲ್ಲ" ಎಂದು ನಾನು ಅಂದದ್ದಕ್ಕೆ, "ಮಾಲಿಗೆ ನಾಲ್ಕು ಗೇಟು ಇರ್ತಾವೆ ಮೇಷ್ಟ್ರೇ" ಎಂದರು ಯಜಮಾನರು.

ಆಮೇಲೆ ದರ. "ತಲೆಗೆ ಇಷ್ಟು ಸಾವಿರದಿಂದ ಆರಂಭ" ಎಂದು ದಪ್ಪಕ್ಷರದಲ್ಲಿ ಬರೆದು ಪಕ್ಕದಲ್ಲಿ ಒಂದು ಚಿಕ್ಕ ನಕ್ಷತ್ರ ಇಟ್ಟಿದ್ದರು. ನಕ್ಷತ್ರ ಹಿಡಿದು ಕೆಳಗೆ ಹೋದರೆ: ದರ ಇಬ್ಬರು ಒಂದು ಕೋಣೆ ಹಂಚಿಕೊಂಡಾಗ ತಲಾ ಒಬ್ಬರಿಗೆ, ಬಂದರು ಶುಲ್ಕ ಬೇರೆ, ಜಿಎಸ್‌ಟಿ ಬೇರೆ, ಸೇವಾ ಶುಲ್ಕ, ಅಂದರೆ ಕೊಡಲೇಬೇಕಾದ ಟಿಪ್ಸು, ಬೇರೆ, ವೈಫೈ ಬೇರೆ, ಇಳಿದ ಊರಿನಲ್ಲಿ ಸುತ್ತಿಸುವ ಬಸ್ಸು ಬೇರೆ, ವಿಶೇಷ ಹೋಟೆಲಿನಲ್ಲಿ ಕೂತರೆ ಊಟವೂ ಬೇರೆ. ಹಡಗು ಹೊರಡುವ ಮುಂಬೈಯವರೆಗೆ ಹೋಗುವ ಖರ್ಚನ್ನು ಯಾರೂ ಬರೆದಿರಲಿಲ್ಲ, ಏಕೆಂದರೆ ಈ ಕಾಗದ ಬರೆದವರ ಮನೆ ಬಾಗಿಲಿಗೇ ಸಮುದ್ರ ಇದೆ.

ಯಜಮಾನರು ಕನ್ನಡಕ ಏರಿಸಿ ಆ ಕಾಗದವನ್ನು ಎರಡು ಸಲ ಓದಿದರು. ಅವರ ಮುಖದಲ್ಲಿ ನಾನು ಎಂದೂ ಕಾಣದ ಒಂದು ಗೌರವ ಮೂಡಿತು. ಮೂರು ತಲೆಮಾರಿನಿಂದ ಅವರ ಮನೆತನ ಶೇಂಗಾ ತಂದ ರೈತನಿಗೆ ಬಿಳಿಚೀಟಿ ಬರೆದುಕೊಟ್ಟಿದೆ: ದರ ಇಷ್ಟು, ಅದರಲ್ಲಿ ಕಮಿಷನ್, ಹಮಾಲಿ, ತೂಕದ ಕೂಲಿ, ಚೀಲಕ್ಕೆ ಇಷ್ಟು ಸೂಟು. ದಪ್ಪಕ್ಷರದ ದರ ಕೇಳಿ ಬಂದ ರೈತ ಕೊನೆಗೆ ಕೈಗೆ ಸಿಕ್ಕಿದ್ದನ್ನು ಎಣಿಸುತ್ತಾ ನಿಲ್ಲುವುದನ್ನು ಅವರು ಗಲ್ಲಾಪೆಟ್ಟಿಗೆಯ ಈಚೆ ಕೂತು ನೋಡಿದವರು. ಪೆಟ್ಟಿಗೆಯ ಆಚೆ ನಿಂತದ್ದು ಇದೇ ಮೊದಲು. "ಪರವಾಗಿಲ್ಲ ಕಣಯ್ಯಾ, ಕಸುಬು ಗೊತ್ತಿರೋರು ಮಾಡವ್ರೆ" ಎಂದು ಕಾಗದ ಮಡಚಿಟ್ಟರು. ಮೂಲೆಯಲ್ಲಿ ಚೀಲದ ಮೇಲೆ ಕೂತಿದ್ದ ರೈತರೊಬ್ಬರು ಕೆಮ್ಮಿದರು. ಅದು ಶೇಂಗಾ ಧೂಳಿಗೆ ಬಂದ ಕೆಮ್ಮು ಎಂದೇ ಇಟ್ಟುಕೊಳ್ಳೋಣ.

ಹಡಗು ಆರಿಸುವವರಿಗೆ ಇಲ್ಲಿ ಹೇಳಬೇಕಾದ ಮಾತು ಇಷ್ಟೇ: ತಲೆಯ ದರ ಕೇಳಬೇಡಿ, ನಾಲ್ಕು ಜನಕ್ಕೆ ಮನೆಯಿಂದ ಮನೆಗೆ ಎಷ್ಟು ಎಂದು ಕೇಳಿ. ಮಂಡಿಯಲ್ಲೂ ಅದೇ ಬುದ್ಧಿವಂತಿಕೆ.

ಕೋಣೆಯ ಜಗಳ ಒಂದು ವಾರ ನಡೆಯಿತು. ಕಿಟಕಿಯೇ ಇಲ್ಲದ ಒಳಕೋಣೆ ಅಗ್ಗ. ಮುಚ್ಚಿದ ಕಿಟಕಿಯದು ಅದಕ್ಕಿಂತ ದುಬಾರಿ. ಬಾಲ್ಕನಿ ಇನ್ನೂ ಮೇಲೆ. ಯಜಮಾನರ ಹೆಂಡತಿಗೆ ಬಾಲ್ಕನಿಯೇ ಆಗಬೇಕು, ಯಾಕೆಂದರೆ ಅವರ ಓರಗಿತ್ತಿಯ ಫೋಟೊದಲ್ಲಿ ಬಾಲ್ಕನಿ ಇತ್ತು. ಹಡಗಿನ ಮರ್ಮ ಏನೆಂದರೆ, ತೂಗಾಟ ಅತ್ಯಂತ ಕಡಿಮೆ ಇರುವುದು ಕೆಳಗಿನ ಅಂತಸ್ತಿನ ನಟ್ಟನಡುವಿನಲ್ಲಿ. ಮೇಲೆ ಹೋದಷ್ಟೂ, ತುದಿಗೆ ಹೋದಷ್ಟೂ ಓಲಾಟ ಹೆಚ್ಚು. ಬಾಲ್ಕನಿಗಳು ಬಹುತೇಕ ಮೇಲೆಯೇ ಇರುತ್ತವೆ. ಹೀಗಾಗಿ ಅತಿ ಹೆಚ್ಚು ಹಣ ಕೊಟ್ಟವರಿಗೆ ಅತಿ ಹೆಚ್ಚು ವಾಂತಿ. ಸಮಾನತೆಗಾಗಿ ಇಷ್ಟು ಶ್ರಮಿಸುವ ವಾಹನ ಇನ್ನೊಂದಿಲ್ಲ.

ಮಕ್ಕಳು ತಮಗೇ ಒಂದು ಕೋಣೆ ಬೇಕೆಂದರು. ಏಜೆಂಟ್ ಹುಡುಗ ಲ್ಯಾಪ್‌ಟಾಪ್ ನೋಡಿ, ಸಾಮಾನ್ಯವಾಗಿ ಪ್ರತಿ ಕೋಣೆಯಲ್ಲೂ ಒಬ್ಬ ವಯಸ್ಕರ ಹೆಸರು ಇರಲೇಬೇಕು ಎಂದ. ಅದಕ್ಕೆ ಪರಿಹಾರವೂ ಅವನ ಬಳಿಯೇ ಇತ್ತು: ಕಾಗದದ ಮೇಲೆ ಅಪ್ಪ-ಮಗ ಒಂದು ಕೋಣೆ, ಅಮ್ಮ-ಮಗಳು ಒಂದು ಕೋಣೆ. ಕುಟುಂಬವನ್ನು ಒಂದುಗೂಡಿಸುವ ಪ್ರವಾಸದ ಮೊದಲ ದಾಖಲೆಯಲ್ಲೇ ಗಂಡ-ಹೆಂಡತಿ ಬೇರೆಯಾದರು.

ಇನ್ನು ದಾರಿ. ಮೊದಲ ಸಲದವರಿಗೆ ಏಜೆಂಟುಗಳು ಹೇಳುವುದು ಮುಂಬೈ–ಗೋವಾ, ಎರಡು ರಾತ್ರಿ. ಕೊರ್ಡೇಲಿಯಾ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಈ ವ್ಯವಹಾರ ಶುರುಮಾಡಿದ್ದು ಎಂಪ್ರೆಸ್ ಎಂಬ ಹಡಗಿನಿಂದ. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಿಂದ ಸೇವೆಗಿಳಿದು, ಬೇರೆ ದೇಶದವರನ್ನು ಮೂವತ್ತು ವರ್ಷ ಹೊತ್ತು ತಿರುಗಿ, ಆಮೇಲೆ ನಮ್ಮ ಕಡೆ ಬಂದ ಹಡಗು. ಮಗ ಅದರ ಗಾತ್ರ ಹುಡುಕಿ, "ಟೈಟಾನಿಕ್‌ಗಿಂತ ಒಂಚೂರು ದೊಡ್ಡದು ಅಮ್ಮಾ" ಎಂದು ಧೈರ್ಯ ತುಂಬಿದ. ಟನ್ನೇಜಿನ ಲೆಕ್ಕದಲ್ಲಿ ಅದು ಸರಿ: ಟೈಟಾನಿಕ್ 46,000 ದಾಟಿತ್ತು, ಇದು 48,000 ದಾಟುತ್ತದೆ. ಆದರೆ ಧೈರ್ಯ ತುಂಬುವವರು ಆ ಒಂದು ಹೆಸರನ್ನು ಬಿಟ್ಟು ಬೇರೆ ಯಾವುದಕ್ಕಾದರೂ ಹೋಲಿಸಬಹುದಿತ್ತು. 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟ ಐಕಾನ್ ಆಫ್ ದಿ ಸೀಸ್ ಟೈಟಾನಿಕ್ಕಿನ ಐದು ಪಟ್ಟು ದೊಡ್ಡದು, 20 ಅಂತಸ್ತು. ಒಂದು ಹೋಬಳಿ ಕೇಂದ್ರದ ಜನರನ್ನು ಪೂರ್ತಿ ಎತ್ತಿಕೊಂಡು ಹೋಗುತ್ತದೆ. ಅಷ್ಟು ದೊಡ್ಡ ಹಡಗಿನಲ್ಲಿ ಮಕ್ಕಳನ್ನು ಹುಡುಕುವುದಕ್ಕಿಂತ ಚಳ್ಳಕೆರೆ ಸಂತೆಯಲ್ಲಿ ಹುಡುಕುವುದು ಸುಲಭ.

ತಾಯಿಗೆ ಹಡಗಿನ ಬಗ್ಗೆ ಗೊತ್ತಿದ್ದ ಇನ್ನೊಂದು ಸಂಗತಿ 2021ರ ಅಕ್ಟೋಬರಿನದು. ಮುಂಬೈ ಬಂದರಿನಲ್ಲಿ ಹೊರಡಲಿದ್ದ ಹಡಗಿನ ಮೇಲೆ ಮಾದಕವಸ್ತು ನಿಗ್ರಹದವರ ದಾಳಿ ನಡೆದು, ನಟನೊಬ್ಬನ ಮಗನನ್ನು ಹಿಡಿದು, ಟೀವಿಯವರು ಹಗಲುರಾತ್ರಿ ಕೂಗಿದ್ದರು. ಮುಂದಿನ ಮೇ ತಿಂಗಳಲ್ಲಿ ಸಾಕಷ್ಟು ಸಾಕ್ಷ್ಯವಿಲ್ಲವೆಂದು ಆ ಹುಡುಗನ ಹೆಸರನ್ನು ಕೈಬಿಟ್ಟದ್ದು ಚಳ್ಳಕೆರೆಯವರೆಗೆ ಬಂದು ತಲುಪಿಲ್ಲ. ಕೂಗಿದ್ದು ತಲುಪುತ್ತದೆ, ಪಿಸುಗುಟ್ಟಿದ್ದು ತಲುಪುವುದಿಲ್ಲ.

ಎರಡನೆಯ ದಾರಿ ಚೆನ್ನೈಯಿಂದ ಶ್ರೀಲಂಕಾಕ್ಕೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಕೆರಳಿ ಕೂತಿರುತ್ತದೆ. ಆ ತಿಂಗಳುಗಳಲ್ಲಿ ಹಡಗು ಪೂರ್ವ ಕರಾವಳಿ ಹಿಡಿಯುತ್ತದೆ. 2023ರ ಜೂನ್‌ನಲ್ಲಿ ಚೆನ್ನೈಯಿಂದ ಹಂಬನ್‌ತೋಟ, ತ್ರಿಂಕೋಮಲಿ, ಕಾಂಕೇಶನ್‌ತುರೈಗೆ ಹೊರಟದ್ದು ಹೀಗೆ. ನಮಗೆ ಚೆನ್ನೈ ಹತ್ತಿರವೂ ಹೌದು. ಇದಕ್ಕೆ ಅಡ್ಡಬಂದವರು ಯಜಮಾನರ ಅವ್ವ.

"ಲಂಕೆಗಾ? ಬ್ಯಾಡ ಕಣಪ್ಪ."

ಅವರ ತವರು ಸಿದ್ದಾಪುರದ ಮಗ್ಗುಲಿಗೆ. ಸೀತೆಯನ್ನು ಹೊತ್ತು ಲಂಕೆಗೆ ಹೊರಟ ವಾಹನವನ್ನು ಮುದಿ ಜಟಾಯು ತಡೆದು, ರೆಕ್ಕೆ ಕಳೆದುಕೊಂಡು ಬಿದ್ದದ್ದು ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಎಂದು ಆ ಕಡೆಯವರ ನಂಬಿಕೆ. ಲಂಕೆಯ ಪ್ಯಾಕೇಜಿಗೆ ಅಡ್ಡ ಹೋದ ಹಿರಿಯರಿಗೆ ಏನಾಗುತ್ತದೆ ಎಂಬುದು ಅವ್ವನಿಗೆ ಚಿಕ್ಕಂದಿನಿಂದ ಗೊತ್ತು. ಆದರೂ ಧೈರ್ಯ ಮಾಡಿದರು. ಬದಲಿಗೆ ಅವರೇ ಒಂದು ಸೂಚನೆಯನ್ನೂ ಕೊಟ್ಟರು: ಕಾಶಿಯಿಂದ ಹೊರಡುವ ಒಂದು ಹಡಗು ಇದೆಯಂತಲ್ಲ, ಅದಾದರೆ ತಾವೂ ಬರುತ್ತೇವೆ ಎಂದು. ಅವ್ವನ ಮಾಹಿತಿ ಖಚಿತ. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ಗಂಗಾ ವಿಲಾಸ್ ಬಾಂಗ್ಲಾದೇಶ ಸುತ್ತಿ ಅಸ್ಸಾಮಿನ ದಿಬ್ರೂಗಢ ಮುಟ್ಟುವ ಹಡಗು. 3,200 ಕಿಲೋಮೀಟರ್, 51 ದಿನ. ದಿನಗಳ ಲೆಕ್ಕ ಕಿವಿಗೆ ಬಿದ್ದ ಕೂಡಲೇ ಮೊಮ್ಮಗಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರನೆಯದು ಸಿಂಗಪುರ. ಅಲ್ಲಿಂದ ಹೊರಡುವ ಹಡಗುಗಳು ದೊಡ್ಡವು, ನಮ್ಮವರು ಎಷ್ಟು ಹತ್ತುತ್ತಾರೆಂದರೆ ಸಸ್ಯಾಹಾರ, ಜೈನ ಊಟಕ್ಕೂ ಕೊರತೆಯಿಲ್ಲ. ಪಾಸ್‌ಪೋರ್ಟ್ ಬೇಕು, ವೀಸಾ ಬೇಕು, ವಿಮಾನ ಬೇಕು. ಈ ಮೂರರಲ್ಲಿ ಮೊದಲನೆಯದರ ಅರ್ಜಿಯಲ್ಲೇ ಮಗಳ ಆಧಾರಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸ ಬಂದು ಸಿಂಗಪುರ ದೂರವಾಯಿತು.

"ನಮ್ಮ ಮಂಗಳೂರಿಂದಾನೇ ಹೋಗಂಗಿಲ್ವಾ?" ಎಂದು ಯಜಮಾನರು ಕೇಳಿದ್ದು ನ್ಯಾಯವಾದ ಪ್ರಶ್ನೆ. ನವಮಂಗಳೂರು ಬಂದರಿಗೆ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ವಿದೇಶಿ ವಿಹಾರ ಹಡಗುಗಳು ಬರುತ್ತವೆ. ಬಂದವರನ್ನು ಚೆಂಡೆ ಬಾರಿಸಿ ಸ್ವಾಗತಿಸಿ, ಕುದ್ರೋಳಿ, ಕದ್ರಿ, ಗೇರುಬೀಜದ ಕಾರ್ಖಾನೆ ತೋರಿಸಿ, ಸಂಜೆಗೆ ಮತ್ತೆ ಹತ್ತಿಸಿ ಕಳಿಸುತ್ತಾರೆ. ಕರ್ನಾಟಕಕ್ಕೆ 300 ಕಿಲೋಮೀಟರಿಗೂ ಮಿಕ್ಕಿದ ಕರಾವಳಿ ಇದೆ. ಅದರ ಮೇಲೆ ಕನ್ನಡಿಗನ ಕೆಲಸ ಹಡಗಿನಿಂದ ಇಳಿದವರಿಗೆ ಹಾರ ಹಾಕುವುದು. ಹತ್ತಬೇಕಾದರೆ ಮುಂಬೈ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು ಕ್ರೂಸ್ ಭಾರತ್ ಮಿಷನ್ ಎಂದು ಘೋಷಿಸಿದೆ. ಮಿಷನ್ನುಗಳ ವಿಷಯದಲ್ಲಿ ಚಿತ್ರದುರ್ಗದವರ ತಾಳ್ಮೆ ದೊಡ್ಡದು. ಭದ್ರಾ ಮೇಲ್ದಂಡೆ ಯೋಜನೆಯ ನೀರಿಗೆ ಕಾದವರು ನಾವು.

ಹಾಗಂತ ಬ್ರಹ್ಮಗಿರಿಗೆ ಸಮುದ್ರ ಹೊಸದೇನಲ್ಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆದಾಗ, ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ಸರಕಿನ ಜೊತೆ ಸಿಕ್ಕಿದ್ದಂಥದೇ ಗೆರೆಚಕ್ರದ ತಟ್ಟೆಗಳ ಚೂರು ಸಿಕ್ಕವು. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಂತೂ ರೋಮಿನ ಬೆಳ್ಳಿ ನಾಣ್ಯಗಳೇ ಸಿಕ್ಕಿವೆ. ಎರಡು ಸಾವಿರ ವರ್ಷದ ಹಿಂದೆ ಸಮುದ್ರದಾಚೆಯ ದುಡ್ಡು ಈ ಬಂಡೆಗಳ ನಡುವಿಗೆ ಬರುತ್ತಿತ್ತು. ಈಗ ಈ ಬಂಡೆಗಳ ನಡುವಿನ ದುಡ್ಡು ಸಮುದ್ರಕ್ಕೆ ಹೋಗುತ್ತಿದೆ. ವ್ಯಾಪಾರದ ದಿಕ್ಕು ಬದಲಾಗಿದೆ ಅಷ್ಟೆ.

ದಿನ ಗೊತ್ತು ಮಾಡುವುದು ಇದೆಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ, ಮೇ ಮೊದಲಲ್ಲಿ ನೀಟ್. ಜೂನ್‌ನಿಂದ ಮಳೆ, ಮುಂಬೈ ಹಡಗಿಲ್ಲ. ದಸರಾ ರಜೆಯಲ್ಲಿ ಹಡಗಿದೆ, ಆದರೆ ಆಗಲೇ ಮುಂಗಾರು ಶೇಂಗಾ ಕಿತ್ತು ಮಂಡಿಗೆ ಬರುವ ಹೊತ್ತು, ಯಜಮಾನರು ಗಲ್ಲಾ ಬಿಡುವಂತಿಲ್ಲ. ಡಿಸೆಂಬರಿನಲ್ಲಿ ಕೋಚಿಂಗಿನವರ ಕ್ರ್ಯಾಶ್ ಕೋರ್ಸು. ಮಗಳ ಕೋಚಿಂಗ್ ಸೆಂಟರಿನ ಮುಖ್ಯಸ್ಥರು "ಈಗ ಮೂರು ದಿನ ಹೋದರೆ ಮೂರು ಸಾವಿರ ರ‍್ಯಾಂಕ್ ಹೋಗುತ್ತೆ" ಎಂದರಂತೆ. ಬಂದರಿನವರು, ಹವಾಮಾನದವರು, ಏಜೆಂಟಿನವರು ಒಪ್ಪಿದ ಮೇಲೂ ಹಡಗಿನ ಲಂಗರು ಎತ್ತಿಸುವ ಅಧಿಕಾರ ಕರ್ನಾಟಕದಲ್ಲಿ ಕೋಚಿಂಗ್ ಸೆಂಟರಿನ ಬಳಿ ಇದೆ.

ಇಷ್ಟಾಗಿಯೂ ಮಕ್ಕಳು ಏನು ಕೇಳುತ್ತಿದ್ದಾರೆ ಎಂದು ಯಾರೂ ಕೇಳಿರಲಿಲ್ಲ. ನಾನೇ ಕೇಳಿದೆ. ಮಗ ಒಂದೇ ಮಾತು ಹೇಳಿದ: "ವೈಫೈ ಎಷ್ಟು ಎಂಬಿಪಿಎಸ್ ಸಾರ್?" ದಡ ಬಿಟ್ಟು ಸ್ವಲ್ಪ ದೂರ ಹೋದರೆ ಫೋನಿಗೆ ಸಿಗ್ನಲ್ ಇರುವುದಿಲ್ಲ, ಹಡಗಿನ ವೈಫೈ ಉಪಗ್ರಹದಿಂದ ಬರುತ್ತದೆ, ಅದಕ್ಕೆ ಬೇರೆ ದುಡ್ಡು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕದೆ ಮರೆತರೆ ಹಡಗಿನದೇ ಮೊಬೈಲ್ ಜಾಲಕ್ಕೆ ತಾನಾಗಿ ಅಂಟಿಕೊಂಡು, ಊರಿಗೆ ಬಂದ ಮೇಲೆ ಬಿಲ್ಲು ಬರುತ್ತದೆ. ಇದನ್ನು ಮಾತ್ರ ಓದುಗರು ತಮಾಷೆ ಎಂದುಕೊಳ್ಳಬೇಡಿ.

ಮಗಳು ಹೇಳಿದ್ದು ಬೇರೆ. ಸುತ್ತಮುತ್ತ ಯಾರಿಗೂ ಗೊತ್ತಾಗದಂತೆ ಮೆಲ್ಲಗೆ, "ಅಲ್ಲಿ ನಮ್ಮನ್ನ ಯಾರೂ ಕೇಳಲ್ಲ ಅಲ್ವಾ ಸಾರ್, ಎಲ್ಲಿಗೆ ಹೋಗ್ತೀಯಾ, ಎಷ್ಟೊತ್ತಿಗೆ ಬರ್ತೀಯಾ ಅಂತ?" ಎಂದಳು. ಚಳ್ಳಕೆರೆಯಲ್ಲಿ ಅವಳು ಟ್ಯೂಷನ್ನಿನಿಂದ ಮನೆಗೆ ಬರುವ ದಾರಿಯಲ್ಲಿ ಚಿಕ್ಕಪ್ಪನ ಅಂಗಡಿ, ಸೋದರಮಾವನ ಮಿಲ್ಲು, ಅಪ್ಪನ ಸ್ನೇಹಿತರ ಮೆಡಿಕಲ್ ಸ್ಟೋರು. ಹತ್ತು ನಿಮಿಷ ತಡವಾದರೆ ಮೂರು ಫೋನು. ಹದಿನೇಳು ವರ್ಷದ ಹುಡುಗಿಗೆ ಯಾರಿಗೂ ಉತ್ತರ ಕೊಡದೆ ಒಂದು ಮೊಗಸಾಲೆಯ ಈ ತುದಿಯಿಂದ ಆ ತುದಿಗೆ ನಡೆದಾಡಬೇಕಿದೆ. ಅದಕ್ಕೆ ಹಡಗು ಬೇಕೇ? ನಮ್ಮ ಊರಿನಲ್ಲಿ ಬೇಕೇನೋ.

ಹೀಗೆ ಅಪ್ಪ ಕಾಂಪೌಂಡು ಎಂದುಕೊಂಡು ದುಡ್ಡು ಕಟ್ಟುವ ಸ್ಥಳವನ್ನೇ ಮಕ್ಕಳು ಗೇಟು ಎಂದುಕೊಂಡು ಕಾಯುತ್ತಿದ್ದಾರೆ. ಗೆಲ್ಲುವವರು ಮಕ್ಕಳು, ಅನುಮಾನ ಬೇಡ. ಹಡಗನ್ನು ಕಟ್ಟಿರುವುದೇ ಹಾಗೆ. ಒಟ್ಟಿಗೆ ಹತ್ತಿದ ಮನೆಯವರನ್ನು ಬೇರೆ ಬೇರೆ ಮಾಡಿದರೆ ಮಾತ್ರ ಅದಕ್ಕೆ ಲಾಭ. ನಾಲ್ಕು ಜನ ಒಂದೇ ಕಡೆ ಕೂತು ಹರಟೆ ಹೊಡೆದರೆ ಯಾರಿಗೆ ಏನು ಗಿಟ್ಟುತ್ತದೆ? ಆದ್ದರಿಂದ ಚಿಕ್ಕ ಮಕ್ಕಳಿಗೆ ಒಂದು ಕೋಣೆ, ಹದಿಹರೆಯದವರಿಗೆ ಒಂದು ಕ್ಲಬ್ಬು. ದೊಡ್ಡ ಹಡಗುಗಳಲ್ಲಿ ಕೆಲವು ಕಡೆ ಆ ಕ್ಲಬ್ಬಿನಲ್ಲೂ ಚಿಕ್ಕವರು, ದೊಡ್ಡವರು ಎಂದು ಎರಡು ಪಂಗಡ ಮಾಡಿ ಅಕ್ಕ-ತಮ್ಮನನ್ನೂ ಬಿಡಿಸುತ್ತಾರೆ. ಅಮ್ಮನಿಗೆ ಸ್ಪಾ. ಅಪ್ಪನಿಗೆ, ದಡದಿಂದ 12 ನಾಟಿಕಲ್ ಮೈಲಿ ದಾಟಿ ದೇಶದ ಗಡಿ ಮುಗಿದ ಮೇಲೆ, ಕ್ಯಾಸಿನೊ. ಶೇಂಗಾ ದರದ ಮೇಲೆ ವರ್ಷವಿಡೀ ಜೂಜಾಡುವವರಿಗೆ ಅದು ಸಪ್ಪೆ ಎನಿಸಬಹುದು. ಊಟಕ್ಕೂ ಒಟ್ಟಿಗೆ ಕೂರುವ ಅಗತ್ಯವಿಲ್ಲ, ಯಾವ ಹೊತ್ತಿನಲ್ಲೂ ಒಂದಲ್ಲ ಒಂದು ಕಡೆ ತಟ್ಟೆ ಹಿಡಿಯಬಹುದು. ಯಜಮಾನರ ಹೆಂಡತಿಯ ಪಾಲಿಗೆ ಇಡೀ ಯೋಜನೆಯಲ್ಲಿ ಮುಖ್ಯವಾದ ಅಂಶವೂ ಅದೇ: ಎರಡು ರಾತ್ರಿ ಮೂರು ಹಗಲು "ಅಡಿಗೆ ಏನು?" ಎಂದು ಯಾರೂ ಕೇಳುವುದಿಲ್ಲ. ಆಕೆ ಇದನ್ನು ಹೇಳಿದಾಗ ಮನೆಯ ಉಳಿದ ಮೂವರೂ ಬೇರೆ ಕಡೆ ನೋಡುತ್ತಿದ್ದರು.

ಇದೇ ನೀರಿನ ಮೇಲೆ, ಇದೇ ಕೊಂಕಣದ ದಂಡೆಗುಂಟ ಹಿಂದೆಯೂ ಹಡಗುಗಳು ಓಡಾಡುತ್ತಿದ್ದವು. ಮುಂಬೈಗೆ ಹೊಟ್ಟೆಪಾಡಿಗೆ ಹೊರಟ ಹುಡುಗರು ಸ್ಟೀಮರಿನ ಡೆಕ್ ಮೇಲೆ ಚಾಪೆ ಹಾಸಿ, ಆಕಾಶ ನೋಡುತ್ತಾ ಹೋಗುತ್ತಿದ್ದರು, ಡೆಕ್ಕಿನ ಟಿಕೀಟು ಎಲ್ಲಕ್ಕಿಂತ ಅಗ್ಗ ಎಂಬ ಕಾರಣಕ್ಕೆ. ಅವರಲ್ಲೂ ಹದಿಹರೆಯದವರು ಬಹಳ ಜನ. ಅವರನ್ನು ಯಾವ ಕ್ಲಬ್ಬೂ ಕಾಯುತ್ತಿರಲಿಲ್ಲ; ಇಳಿದ ಕೂಡಲೇ ಹೋಟೆಲಿನ ತಟ್ಟೆಲೋಟ ಕಾಯುತ್ತಿದ್ದವು. ಈಗ ಗಾಳಿ, ಆಕಾಶ ಕಾಣುವ ಜಾಗಕ್ಕೇ ಹೆಚ್ಚು ದರ.

ನನ್ನ ತೀರ್ಪನ್ನು ಯಜಮಾನರಿಗೆ ಹೇಳಿಯಾಗಿದೆ, ಇಲ್ಲೂ ಹೇಳುತ್ತೇನೆ. ಮಕ್ಕಳು ಕೈಗೆ ಸಿಗಲಿ ಎಂಬ ಆಸೆಯಿಂದ ಹಡಗು ಹತ್ತುವುದಾದರೆ ಹತ್ತಬೇಡಿ. ಆ ಕೆಲಸಕ್ಕೆ ಕರೆಂಟು ಹೋದ ಒಂದು ರಾತ್ರಿ ಸಾಕು, ನಮ್ಮ ಕಡೆ ಅದು ಪುಕ್ಕಟೆ. ಮಕ್ಕಳಿಗೆ ಎರಡು ದಿನ ಯಾರ ಕಣ್ಣಿಗೂ ಬೀಳದೆ ಓಡಾಡುವ ಸುಖ ಕೊಡಿಸಲು, ಹೆಂಡತಿಗೆ ಒಲೆಯಿಂದ ರಜೆ ಕೊಡಿಸಲು ಹತ್ತುವುದಾದರೆ ಧಾರಾಳವಾಗಿ ಹತ್ತಿ. ಹಡಗು ಅದಕ್ಕೆ ಹೇಳಿ ಮಾಡಿಸಿದ್ದು. ಮೊದಲ ಸಲಕ್ಕೆ ಎರಡು ರಾತ್ರಿಯದೇ ಸಾಕು. ತಲೆಸುತ್ತು ಬರುವವರು ಯಾರು ಎಂದು ಗೊತ್ತಾಗುವುದಕ್ಕೆ ಒಂದು ರಾತ್ರಿ, ಅದು ಇಳಿಯುವುದಕ್ಕೆ ಇನ್ನೊಂದು ರಾತ್ರಿ. ಕೆಳಗಿನ ಅಂತಸ್ತಿನ ನಡುವಿನ ಒಳಕೋಣೆಗಳನ್ನು ಹಿಡಿಯಿರಿ. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಮೊದಲೇ ಕೊಂಡಿಟ್ಟುಕೊಳ್ಳಿ. ಮಗಳನ್ನು ಎಲ್ಲಿಗೆ ಹೋಗಿದ್ದೆ ಎಂದು ಕೇಳಬೇಡಿ.

ಒಟ್ಟಿಗೆ ನಿಂತ ಒಂದು ಫೋಟೊ ಬೇಕೇ ಬೇಕು ಎನ್ನುವವರಿಗೆ ಒಂದು ಸಂದರ್ಭ ಇದೆ. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಆಯಿತು. 2012ರ ಜನವರಿಯಲ್ಲಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿದಾಗ, ಆಗತಾನೇ ಹತ್ತಿದ್ದ ಎಷ್ಟೋ ಪ್ರಯಾಣಿಕರಿಗೆ ಇನ್ನೂ ಕವಾಯತೇ ಆಗಿರಲಿಲ್ಲ. ಅದಾದ ಮೇಲೆ ನಿಯಮ ಬಿಗಿ ಮಾಡಿ, 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಎಲ್ಲರಿಗೂ ಸುರಕ್ಷತಾ ಕವಾಯತು ಕಡ್ಡಾಯ ಮಾಡಿದ್ದಾರೆ. ಅಪ್ಪ, ಅಮ್ಮ, ಮಗ, ಮಗಳು ತಮಗೆ ಗೊತ್ತುಮಾಡಿದ ಜಾಗಕ್ಕೆ ಬಂದು ನಿಂತು, ಹೇಳಿದ್ದನ್ನು ಕೇಳಬೇಕು. ಇಡೀ ಪ್ರವಾಸದಲ್ಲಿ ನಾಲ್ವರೂ ಒಂದೇ ಕಡೆ, ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವ ಗ್ಯಾರಂಟಿ ಇರುವುದು ಆಗ ಮಾತ್ರ. ಈಚೆಗೆ ಕೆಲವು ಹಡಗುಗಳವರು ಇದರ ಪಾಠವನ್ನೂ ಮೊಬೈಲಿಗೆ ಹಾಕಿ, ಬಂದು ಮುಖ ತೋರಿಸಿ ಹೋದರೆ ಸಾಕು ಎಂದು ಮಾಡಿದ್ದಾರೆ. ಬುಕ್ ಮಾಡುವ ಮೊದಲು ಏಜೆಂಟನ್ನು ಅದೊಂದನ್ನು ಕೇಳಿ. ಮೊಬೈಲಿನ ಕವಾಯತು ಎಂದರೆ ಆ ಹಡಗು ಬೇಡ ಅನ್ನಿ.